ಒಳಾಂಗಣ ಸೈಕಲ್ ಸವಾರಿ: ಯಂತ್ರಗಳು ಮತ್ತು ಅನುಕರಣೆಯ ಮಿತಿ

ನಿಂತ ಜಾಗದಿಂದ ಕದಲದೆ ಸೈಕಲ್ ತುಳಿಯುತ್ತ, ಹೊರಗಿನ ರಸ್ತೆಯಲ್ಲಿ ಹೋದಂತೆಯೇ ಅನ್ನಿಸಬೇಕೆಂದು ರೂಪಿಸಿದ ಯಂತ್ರಗಳಿಗೆ ಕನ್ನಡದಲ್ಲಿ ಇನ್ನೂ ಒಂದೇ ಹೆಸರು ನೆಲೆನಿಂತಿಲ್ಲ. ಜಿಮ್ಮಿನಲ್ಲಿರುವುದು ‘ಸ್ಪಿನ್ ಬೈಕ್’. ಸ್ವಂತ ಸೈಕಲ್ಲಿನ ಹಿಂಚಕ್ರ ಬಿಚ್ಚಿ ಅದರ ಜಾಗಕ್ಕೆ ಕೂರಿಸುವ ಪೆಟ್ಟಿಗೆ ‘ಟ್ರೇನರ್’. ಮೂರು ಉರುಳೆಗಳ ಮೇಲೆ ಇಡೀ ಸೈಕಲ್ಲನ್ನು ನಿಲ್ಲಿಸಿ ತುಳಿಯುವುದಾದರೆ ‘ರೋಲರ್’. ಓಟಗಾರರ ಓಡುವ ಬೆಲ್ಟನ್ನೇ ಅಗಲಿಸಿ ಸೈಕಲ್ಲಿಗೆ ಹೊಂದಿಸಿದರೆ ‘ಸೈಕಲ್ ಟ್ರೆಡ್‌ಮಿಲ್’. ಇವನ್ನು ಮಾರುವವರ ಮಾತು ಮಾತ್ರ ಎಲ್ಲೆಡೆ ಒಂದೇ: ರಸ್ತೆಯ ನಿಜವಾದ ಅನುಭವ ಮನೆಯೊಳಗೇ. ಆ ಮಾತನ್ನು ತೂಗಿ ನೋಡಬೇಕಾದರೆ ಮೊದಲು ರಸ್ತೆ ಸವಾರನಿಗೆ ಏನೇನು ಮಾಡುತ್ತದೆ ಎಂಬುದನ್ನು ಬಿಡಿಸಿಕೊಳ್ಳಬೇಕು. ಬಿಡಿಸಿಕೊಂಡಾಗ ಸಿಗುವ ಉತ್ತರ ಸ್ವಲ್ಪ ವಿಚಿತ್ರವಾಗಿದೆ. ಬೆಟ್ಟವನ್ನು ಮನೆಯೊಳಗೆ ತರುವುದು ಸುಲಭ, ಬಯಲನ್ನು ತರುವುದು ಕಷ್ಟ. ಬೆಟ್ಟದಲ್ಲಿ ಸವಾರನನ್ನು ಹಿಂದಕ್ಕೆಳೆಯುವುದು ನೆಲ, ಬಯಲಿನಲ್ಲಿ ಗಾಳಿ. ನೆಲವನ್ನು ನಕಲು ಮಾಡಬಹುದು, ಗಾಳಿಯನ್ನು ಈವರೆಗೆ ಅರ್ಧಂಬರ್ಧವೇ ಮಾಡಿದ್ದಾರೆ.

ಇದನ್ನು ಒರೆಗೆ ಹಚ್ಚಲು ಮೈಸೂರಿನ ಒಂಟಿಕೊಪ್ಪಲ್ ಹೇಳಿಮಾಡಿಸಿದ ಜಾಗ. ಪಂಚಾಂಗದಿಂದಾಗಿ ನಾಡಿಗೆಲ್ಲ ಹೆಸರು ಗೊತ್ತಿರುವ ಈ ಬಡಾವಣೆಯಿಂದ ಬೆಳಗಿನ ಸೈಕಲ್ ಸವಾರನಿಗೆ ಎರಡು ಸಹಜ ದಾರಿಗಳಿವೆ. ಒಂದು ಗೋಕುಲಂ, ಮೇಟಗಳ್ಳಿ ದಾಟಿ ವಾಯವ್ಯಕ್ಕೆ ಕೃಷ್ಣರಾಜಸಾಗರದ ಕಡೆ ಹೋಗುವ, ಹೆಚ್ಚು ಏರಿಳಿತವಿಲ್ಲದ ಕೆಆರ್‌ಎಸ್ ರಸ್ತೆ. ಇನ್ನೊಂದು ಊರನ್ನು ಹಾದು ಆಗ್ನೇಯಕ್ಕಿರುವ ಚಾಮುಂಡಿ ಬೆಟ್ಟ. ನಗರ ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಬೆಟ್ಟದ ನೆತ್ತಿ 1,000 ಮೀಟರ್ ದಾಟುತ್ತದೆ. ಸವಾರನೂ ಸೈಕಲ್ಲೂ ಸೇರಿ 85 ಕಿಲೋ ಎಂದುಕೊಳ್ಳೋಣ. ಕೆಆರ್‌ಎಸ್ ರಸ್ತೆಯಲ್ಲಿ ಗಾಳಿ ಬೀಸದ ಬೆಳಗ್ಗೆ ಗಂಟೆಗೆ 30 ಕಿ.ಮೀ. ವೇಗ ಹಿಡಿದರೆ ಟೈರಿನ ಉರುಳುತಡೆಯನ್ನು ಗೆಲ್ಲಲು ಬೇಕಾಗುವುದು ಸುಮಾರು 35 ವ್ಯಾಟ್. ಗಾಳಿಯನ್ನು ಸೀಳಲು ಸುಮಾರು 110 ವ್ಯಾಟ್, ಅಂದರೆ ಒಟ್ಟು ದುಡಿಮೆಯ ಮುಕ್ಕಾಲು ಪಾಲು. ಮೈಸೂರಿನ ಎತ್ತರ ಮತ್ತು ಬಿಸುಪಿನಿಂದಾಗಿ ಇಲ್ಲಿನ ಗಾಳಿ ಪುಸ್ತಕದಲ್ಲಿ ಕೊಡುವ ಕಡಲತೀರದ ಗಾಳಿಗಿಂತ ಶೇ. 12ರಷ್ಟು ತೆಳು, ಆ ರಿಯಾಯಿತಿ ಸಿಕ್ಕ ಮೇಲೂ ಲೆಕ್ಕ ಹೀಗಿದೆ. ಈಗ ಬೆಟ್ಟಕ್ಕೆ ಬನ್ನಿ. ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 12 ಕಿ.ಮೀ. ವೇಗದಲ್ಲಿ ಹತ್ತಿದರೆ ಮೈಭಾರ ಎತ್ತಲು ಸುಮಾರು 140 ವ್ಯಾಟ್, ಟೈರಿಗೆ 14, ಗಾಳಿಗೆ ಬರೀ 7. ಎರಡು ಸವಾರಿಗಳಲ್ಲಿ ಬೆವರು ಹೆಚ್ಚುಕಡಿಮೆ ಒಂದೇ, ಎದುರಾಳಿ ಮಾತ್ರ ಪೂರ್ತಿ ಬೇರೆ.

ಯಂತ್ರಗಳ ಇತಿಹಾಸದಲ್ಲೂ ಈ ಭೇದ ಮೊದಲಿನಿಂದ ಇಣುಕುತ್ತದೆ. ನಿಂತಲ್ಲೇ ಕೈಕಾಲು ಆಡಿಸುವ ಯಂತ್ರ ಸೈಕಲ್ಲಿಗಿಂತ ಹಳೆಯದು. ಲಂಡನ್ನಿನ ಫ್ರಾನ್ಸಿಸ್ ಲೌಂಡ್ಸ್ ‘ಜಿಮ್ನಾಸ್ಟಿಕಾನ್’ಗೆ ಪೇಟೆಂಟ್ ಪಡೆದದ್ದು 1796ರಲ್ಲಿ, ಆಗ ತುಳಿಯಲು ಸೈಕಲ್ಲೇ ಇರಲಿಲ್ಲ. ನೂರು ವರ್ಷಗಳ ನಂತರ ಸೈಕಲ್ ಹುಚ್ಚು ಹಬ್ಬಿದಾಗ ಉರುಳೆಗಳು ಬಂದವು, ಬಂದದ್ದೇ ನಾಟಕಶಾಲೆಯ ರಂಗದ ಮೇಲೂ ಹತ್ತಿದವು. ಅಮೆರಿಕದ ಚಾರ್ಲ್ಸ್ ಮರ್ಫಿ 1899ರ ಜೂನ್ 30ರಂದು ಲಾಂಗ್ ಐಲೆಂಡಿನಲ್ಲಿ ರೈಲಿನ ಬೆನ್ನಿಗೆ ಅಂಟಿಕೊಂಡು, ಹಳಿಗಳ ನಡುವೆ ಹಾಸಿದ ಹಲಗೆಗಳ ಮೇಲೆ ಒಂದು ಮೈಲಿಯನ್ನು 57.8 ಸೆಕೆಂಡಿನಲ್ಲಿ ಮುಗಿಸಿದ, ಅಂದರೆ ಗಂಟೆಗೆ ಸುಮಾರು 100 ಕಿ.ಮೀ. ವೇಗ. ಮರುವರ್ಷ ಅದೇ ಮರ್ಫಿ, ವಿಶ್ವಚಾಂಪಿಯನ್ ಮೇಜರ್ ಟೇಲರ್ ಜೊತೆ ರಂಗದ ಮೇಲೆ ನಿಂತಲ್ಲೇ ತುಳಿಯುವ ಪಂದ್ಯ ಆಡಿದ. ಈ ಎರಡು ಸಾಹಸಗಳು ಬೇರೆಬೇರೆ ಎನಿಸಿದರೂ ಭೌತಶಾಸ್ತ್ರದ ಕಣ್ಣಿಗೆ ಅಣ್ಣತಮ್ಮಂದಿರು. ರೈಲಿನ ಬೆನ್ನಿಗೂ ಎದುರುಗಾಳಿಯಿಲ್ಲ, ರಂಗದ ಮೇಲೂ ಇಲ್ಲ. ಬರೀ ಉರುಳೆಯ ಮೇಲೆ ಮೀಟರು ತೋರಿಸುವ ವೇಗವನ್ನು ರಸ್ತೆಯ ವೇಗವೆಂದು ನಂಬುವವರು ಮರ್ಫಿಯ ಮುಂದಿದ್ದ ರೈಲನ್ನು ಮರೆತಿರುತ್ತಾರೆ.

ರೈಲನ್ನು ತೆಗೆದು ಗಾಳಿಯನ್ನು ಲೆಕ್ಕಕ್ಕೆ ಸೇರಿಸಿದ್ದು ಕಂಪ್ಯೂಟರ್. ಸಿಯಾಟಲ್‌ನ ರೇಸರ್‌ಮೇಟ್ ಕಂಪನಿ 1986ರಲ್ಲಿ ತಂದ ‘ಕಂಪ್ಯುಟ್ರೇನರ್’ ನಿಂಟೆಂಡೊ ಆಟದ ಪೆಟ್ಟಿಗೆಗೆ ಹೊಂದಿಕೊಂಡು ಟಿವಿ ಪರದೆಯ ಮೇಲೆ ಸವಾರನನ್ನು ಓಡಿಸುತ್ತಿತ್ತು. 2012ರಲ್ಲಿ ವಾಹೂ ಕಂಪನಿಯ ‘ಕಿಕ್ಕರ್’ ಬಂದು ಹಿಂಚಕ್ರ ಬಿಚ್ಚಿ ಸರಪಳಿಯನ್ನು ನೇರವಾಗಿ ಯಂತ್ರಕ್ಕೆ ಹಾಕುವ ಪದ್ಧತಿ ಮನೆಮಾತಾಯಿತು. 2014ರಲ್ಲಿ ‘ಜ್ವಿಫ್ಟ್’ ಎಂಬ ಆ್ಯಪ್ ಕಲ್ಪಿತ ದ್ವೀಪವೊಂದರ ರಸ್ತೆಗಳಲ್ಲಿ ಜಗತ್ತಿನ ಸವಾರರನ್ನು ಒಟ್ಟಿಗೆ ಬಿಟ್ಟಿತು. ಇವುಗಳ ಒಳಗುಟ್ಟು ಹಳೆಯ ಡೈನಮೋ ಕಂಡವರಿಗೆ ಹೊಸದಲ್ಲ. ರಾತ್ರಿ ದೀಪಕ್ಕಾಗಿ ಬಾಟಲಿಯಂಥ ಡೈನಮೋವನ್ನು ಟೈರಿಗೆ ಒರಗಿಸಿದ ಕ್ಷಣವೇ ‘ಗುಂಯ್’ ಎಂದು ಸದ್ದೆದ್ದು ಪೆಡಲ್ ಭಾರವಾಗುತ್ತಿತ್ತಲ್ಲ, ಅದೇ ಸೂತ್ರ. ತಿರುಗುವ ಲೋಹದ ಗಾಲಿಯ ಬದಿಯಲ್ಲಿ ವಿದ್ಯುತ್ಕಾಂತಗಳಿರುತ್ತವೆ. ಕಾಂತಕ್ಷೇತ್ರದಲ್ಲಿ ಗಾಲಿ ತಿರುಗಿದಾಗ ಲೋಹದೊಳಗೆ ಸುಳಿಯಂಥ ವಿದ್ಯುತ್ಪ್ರವಾಹ ಹುಟ್ಟಿ ಗಾಲಿಯನ್ನೇ ತಡೆಯುತ್ತದೆ. ಕಾಂತಕ್ಕೆ ಕೊಡುವ ವಿದ್ಯುತ್ತನ್ನು ಏರಿಳಿಸಿದರೆ ತಡೆಯೂ ಏರಿಳಿಯುತ್ತದೆ. ಸವಾರನ ತೂಕ, ವೇಗ, ಪರದೆಯ ರಸ್ತೆಯ ಏರು, ಲೆಕ್ಕದ ಗಾಳಿ ಎಲ್ಲವನ್ನೂ ಕೂಡಿಸಿ ಎಷ್ಟು ಹಿಡಿಯಬೇಕೆಂದು ಆ್ಯಪ್ ಕ್ಷಣಕ್ಷಣಕ್ಕೂ ಹೇಳುತ್ತಿರುತ್ತದೆ. ಒಳ್ಳೆಯ ಟ್ರೇನರ್ ಅಳೆಯುವ ವ್ಯಾಟಿನಲ್ಲಿ ತಪ್ಪು ನೂರಕ್ಕೆ ಒಂದರಷ್ಟು ಎಂದು ತಯಾರಕರು ಹೇಳಿಕೊಳ್ಳುತ್ತಾರೆ.

ಇಲ್ಲಿ ಮೊದಲ ಆಕ್ಷೇಪಣೆ ಏಳುತ್ತದೆ. ಗಾಳಿಯ ತಡೆಯನ್ನೂ ಲೆಕ್ಕ ಹಾಕಿ ಪೆಡಲಿಗೆ ಕೊಟ್ಟ ಮೇಲೆ ಇನ್ನೇನು ಬಾಕಿ? ವ್ಯಾಟ್ ಎಲ್ಲಿದ್ದರೂ ವ್ಯಾಟೇ ಅಲ್ಲವೆ? ಮಂಡಿಗೆ ಎಷ್ಟು ದುಡಿಮೆ ಎಂಬಷ್ಟೇ ಪ್ರಶ್ನೆಯಾದರೆ ಹೌದು. ಆದರೆ ದುಡಿಮೆ ಹೇಗೆ ಹಂಚಿಹೋಗುತ್ತದೆ ಎಂಬುದೂ ಪ್ರಶ್ನೆ. ಗಂಟೆಗೆ 30 ಕಿ.ಮೀ. ವೇಗದ 85 ಕಿಲೋ ಮೈಯಲ್ಲಿ ಸುಮಾರು 2,950 ಜೂಲ್ ಚಲನಶಕ್ತಿ ತುಂಬಿರುತ್ತದೆ. ಪೆಡಲ್ ಮೇಲೂ ಕೆಳಗೂ ನೆಟ್ಟಗೆ ನಿಂತು ಕಾಲಿನ ಬಲ ಸಿಗದ ಕ್ಷಣದಲ್ಲಿ ಸೈಕಲ್ಲನ್ನು ಮುಂದೊಯ್ಯುವುದು ಆ ಉಳಿತಾಯವೇ. ಏರಿನಲ್ಲಿ ಗಂಟೆಗೆ 12 ಕಿ.ಮೀ.ಗೆ ಇಳಿದಾಗ ಅದು 470 ಜೂಲಿಗೆ ಕುಸಿದಿರುತ್ತದೆ, ಪ್ರತಿ ಸುತ್ತಿನಲ್ಲೂ ಸೈಕಲ್ ಒಮ್ಮೆ ಜೋಲುತ್ತದೆ, ಕಾಲು ಮತ್ತೆ ಎತ್ತಬೇಕು. ಟ್ರೇನರಿನೊಳಗಿನ ಏಳೆಂಟು ಕಿಲೋ ಗಾಲಿ ಈ ಉಳಿತಾಯವನ್ನು ನಟಿಸಬೇಕು. ಕಡಿಮೆ ಉಳಿತಾಯದ ಏರನ್ನು ಅದು ಚೆನ್ನಾಗಿಯೇ ನಟಿಸುತ್ತದೆ, ಬಯಲಿನ ದೊಡ್ಡ ಉಳಿತಾಯ ಬಂದಾಗ ಬಡವಾಗುತ್ತದೆ. ಟ್ಯಾಕ್ಸ್ ಕಂಪನಿಯ ‘ನಿಯೊ’ದಂಥವು ಮೋಟಾರಿನಿಂದಲೇ ಗಾಲಿಯ ಜಡತ್ವವನ್ನು ಸೃಷ್ಟಿಸಿ, ಇಳಿಜಾರಿನಲ್ಲಿ ತಾವೇ ಚಕ್ರ ತಿರುಗಿಸಿ, ಕಲ್ಲುಹಾಸಿನ ರಸ್ತೆಯ ನಡುಕವನ್ನು ಪೆಡಲಿಗೆ ಕಳಿಸಿ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿವೆ. ನಮ್ಮ ರೋಡ್ ಹಂಪನ್ನು ಮಾತ್ರ ಯಾವ ಕಂಪನಿಯೂ ಇನ್ನೂ ಅನುಕರಿಸಲು ಹೊರಟಿಲ್ಲ, ಅದೊಂದು ಸಮಾಧಾನ.

ಟ್ರೆಡ್‌ಮಿಲ್ ಬೇರೆಯದೇ ಜಾತಿ. ಟ್ರೇನರ್ ರಸ್ತೆಯನ್ನು ಲೆಕ್ಕ ಹಾಕಿ ನಟಿಸಿದರೆ ಟ್ರೆಡ್‌ಮಿಲ್ ರಸ್ತೆಯನ್ನೇ ಚಲಿಸುವಂತೆ ಮಾಡುತ್ತದೆ. ಸಮವೇಗದಲ್ಲಿ ಹಿಂದಕ್ಕೆ ಓಡುವ ಬೆಲ್ಟಿನ ಮೇಲೆ ಮುಂದಕ್ಕೆ ತುಳಿಯುವ ಸೈಕಲ್ಲಿಗೂ, ನಿಂತ ನೆಲದ ಮೇಲೆ ಓಡುವ ಸೈಕಲ್ಲಿಗೂ, ಗಾಳಿಯೊಂದನ್ನು ಬಿಟ್ಟರೆ ಯಾಂತ್ರಿಕವಾಗಿ ಕೂದಲೆಳೆಯ ವ್ಯತ್ಯಾಸವಿಲ್ಲ. ಹಡಗಿನ ಕೋಣೆಯೊಳಗಿದ್ದವನಿಗೆ ಹಡಗು ಚಲಿಸುತ್ತಿದೆಯೋ ನಿಂತಿದೆಯೋ ತಿಳಿಯದು ಎಂದು ಗೆಲಿಲಿಯೊ ಹೇಳಿದ ತತ್ವವೇ ಇದು. ‘ಬೆಲ್ಟನ್ನು ಏರಾಗಿ ಓರೆ ಮಾಡಿದರೂ ಸವಾರ ಒಂದಡಿಯೂ ಮೇಲೇರುವುದಿಲ್ಲ, ಹಾಗಿದ್ದ ಮೇಲೆ ಬೆಟ್ಟ ಹತ್ತಿದ ಶ್ರಮ ಎಲ್ಲಿಂದ ಬರಬೇಕು?’ ಎಂದು ಕೇಳುವವರಿದ್ದಾರೆ. ಮಾಲಿನಲ್ಲಿ ಕೆಳಗಿಳಿಯುವ ಎಸ್ಕಲೇಟರನ್ನು ಹತ್ತಲು ಹೋಗುವ ತುಂಟ ಹುಡುಗನನ್ನು ನೋಡಿದರೆ ಸಾಕು. ಅವನು ಇದ್ದಲ್ಲೇ ಇರುತ್ತಾನೆ, ಏದುಸಿರು ಮಾತ್ರ ಮೂರು ಮಹಡಿಯದು. ಬೆಲ್ಟು ಕೆಳಕ್ಕೊಯ್ಯುವಷ್ಟನ್ನೂ ಸವಾರ ಮೇಲಕ್ಕೆ ಗಳಿಸಬೇಕು, ಆದ್ದರಿಂದ ಓರೆಯಾದ ಬೆಲ್ಟಿನ ಏರು ನಟನೆಯಲ್ಲ, ನಿಜವಾದ ಏರೇ. ಚಾಮುಂಡಿ ಬೆಟ್ಟದ 160 ವ್ಯಾಟಿನಲ್ಲಿ 153 ವ್ಯಾಟನ್ನು ಅದು ಯಾವ ಲೆಕ್ಕಾಚಾರವೂ ಇಲ್ಲದೆ ಹಾಗೆಯೇ ಒಪ್ಪಿಸುತ್ತದೆ.

ಕೆಆರ್‌ಎಸ್ ರಸ್ತೆಗೆ ಹೋದರೆ ಅದೇ ಯಂತ್ರ ಸೋಲುತ್ತದೆ. ಮಟ್ಟಸವಾದ ಬೆಲ್ಟಿನ ಮೇಲೆ 30 ಕಿ.ಮೀ. ವೇಗಕ್ಕೆ ಬೇಕಾಗುವುದು ಟೈರಿನ 35 ವ್ಯಾಟ್ ಮಾತ್ರ, ಅಜ್ಜನೂ ತುಳಿದಾನು. ಗಾಳಿಯ ಜಾಗದಲ್ಲಿ ಒಂದಿಷ್ಟು ಏರು ಕೊಟ್ಟು ಸರಿದೂಗಿಸಬಹುದು. ಓಟಗಾರರಿಗೆ ಟ್ರೆಡ್‌ಮಿಲ್ಲನ್ನು ನೂರಕ್ಕೆ ಒಂದರಷ್ಟು ಎತ್ತಿಟ್ಟರೆ ಹೊರಗಿನ ಓಟಕ್ಕೆ ಸಮ ಎಂದು ಜೋನ್ಸ್ ಮತ್ತು ಡೌಸ್ಟ್ 1996ರಲ್ಲಿ ತೋರಿಸಿದ್ದು ಹೀಗೆಯೇ. ಸೈಕಲ್ಲಿಗೆ ಈ ಉಪಾಯ ಅಷ್ಟು ಸರಳವಾಗಿ ಒಗ್ಗದು. ಮೇಲಿನ ಸವಾರನಿಗೆ 20 ಕಿ.ಮೀ. ವೇಗದಲ್ಲಿ ನೂರಕ್ಕೆ 0.7ರ ಏರು ಸಾಕು, 30ರಲ್ಲಿ 1.6 ಬೇಕು, 40ರಲ್ಲಿ 2.8. ವೇಗ ಏರಿದಂತೆ ಗಾಳಿಯ ಬಲ ವರ್ಗದ ಲೆಕ್ಕದಲ್ಲಿ ಏರುವುದರಿಂದ ಬೆಲ್ಟಿನ ಓರೆಯೂ ಸವಾರನ ಹಿಂದೆಯೇ ಓಡಾಡುತ್ತಿರಬೇಕು. ಇಷ್ಟು ಮಾಡಿದ ಮೇಲೂ ಸವಾರ ತಲೆ ತಗ್ಗಿಸಿ, ಮೊಣಕೈ ಮಡಚಿ ಮೈ ಕಿರಿದು ಮಾಡಿಕೊಂಡದ್ದು ಯಂತ್ರಕ್ಕೆ ತಿಳಿಯುವುದಿಲ್ಲ. ಹೊರಗೆ ಅದರಿಂದ ಸಿಗುವ ಬಹುಮಾನ ಒಳಗೆ ಸಿಗದು.

ಹಾಗಾದರೆ ಟ್ರೆಡ್‌ಮಿಲ್ಲಿನ ಹೆಚ್ಚುಗಾರಿಕೆ ಏನು? ಸಮತೋಲ. ಟ್ರೇನರಿಗೆ ಬಿಗಿದ ಸೈಕಲ್ ಬೀಳುವುದೂ ಇಲ್ಲ, ವಾಲುವುದೂ ಇಲ್ಲ. ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಹೊರಗೆ ಸೈಕಲ್ ಎಡಬಲಕ್ಕೆ ತೂಗುತ್ತದೆ, ಒಳಗೆ ಚೌಕಟ್ಟು ಗೂಟಕ್ಕೆ ಕಟ್ಟಿದ ಹಸುವಿನಂತೆ ಸೆಣಸುತ್ತದೆ. ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಕೂಯಿಮಾನ್, ಶ್ವಾಬ್ ಮತ್ತು ಸಂಗಡಿಗರು ಸವಾರ ಸೈಕಲ್ಲನ್ನು ಹೇಗೆ ನಿಲ್ಲಿಸಿಕೊಳ್ಳುತ್ತಾನೆಂದು ತಿಳಿಯಲು ದೊಡ್ಡ ಟ್ರೆಡ್‌ಮಿಲ್ಲನ್ನೇ ಆರಿಸಿಕೊಂಡರು. ಅಲ್ಲಿ ಕಂಡದ್ದು ಕುತೂಹಲದ ಸಂಗತಿ. ಸೊಂಟ ತಿರುಗಿಸಿ, ಮೈ ವಾಲಿಸಿ ಸಮತೋಲ ಮಾಡುತ್ತೇವೆಂದು ನಾವು ಭಾವಿಸಿದರೂ ನಿಜವಾಗಿ ಕೆಲಸ ಮಾಡುವುದು ಹ್ಯಾಂಡಲಿನ ಸಣ್ಣಸಣ್ಣ ತಿರುವುಗಳು. ವೇಗ ತೀರ ಕಡಿಮೆಯಾದಾಗ ಮಾತ್ರ ಮಂಡಿಗಳು ಪಕ್ಕಕ್ಕೆ ಚಾಚಿಕೊಂಡು ಸಹಾಯಕ್ಕೆ ಬರುತ್ತವೆ. ಸೈಕಲ್ ಕಲಿಯುವ ಮಗುವಿನ ಮಂಡಿ ನೋಡಿದವರಿಗೆ ಇದು ಹೊಸದೆನಿಸದು. ಟ್ರೆಡ್‌ಮಿಲ್ಲಿನಲ್ಲಿ ಈ ಕೈಚಳಕ ಪೂರ್ತಿ ಉಳಿಯುತ್ತದೆ. ಬಾಸ್ಕ್ ಸೀಮೆಯ ಕಂಪನಿಯೊಂದು ಸೈಕಲ್ ಟ್ರೆಡ್‌ಮಿಲ್ ಮಾಡಿ ಅದಕ್ಕೆ ‘ಒರೆಕಾ’ ಎಂದು ಹೆಸರಿಟ್ಟಿದೆ, ಬಾಸ್ಕ್ ನುಡಿಯಲ್ಲಿ ಆ ಪದಕ್ಕೆ ಸಮತೋಲ ಎಂದೇ ಅರ್ಥ. ಉರುಳೆಗಳೂ ಸಮತೋಲ ಬೇಡುತ್ತವೆ, ಆದರೆ ಕಿರಿದಾದ ಆಸರೆಯ ಮೇಲೆ, ಆದ್ದರಿಂದ ರಸ್ತೆಗಿಂತ ಕಷ್ಟವಾಗಿಯೇ. ಬೆಲೆ, ಭಾರ, ಜಾಗ ಮೂರೂ ಟ್ರೆಡ್‌ಮಿಲ್ಲಿಗೆ ವಿರುದ್ಧ. ಅಂಚು ತಪ್ಪಿದರೆ ಬೀಳುವ ಭಯವೂ ಇರುವುದರಿಂದ ಸೊಂಟಪಟ್ಟಿಯೋ ಸೈಕಲ್ಲನ್ನು ಹಿಂದಿನಿಂದ ಹಿಡಿಯುವ ತೋಳೋ ಬೇಕು. ಕರೆಂಟ್ ಹೋದಾಗ ಬೆಲ್ಟು ಗಕ್ಕನೆ ನಿಲ್ಲದೆ ಮೆಲ್ಲಗೆ ನಿಲ್ಲುವಂತೆಯೂ ಇರಬೇಕು. ಇದು ಪ್ರಯೋಗಾಲಯದ, ತರಬೇತಿ ಕೇಂದ್ರದ ಸಾಮಾನು, ಒಂಟಿಕೊಪ್ಪಲಿನ ಮನೆಯ ಪಡಸಾಲೆಗೆ ಬರುವುದು ದೂರದ ಮಾತು.

ಗಾಳಿಯ ಇನ್ನೊಂದು ಮುಖವನ್ನು ಜಾಹೀರಾತುಗಳು ಮುಟ್ಟುವುದೇ ಇಲ್ಲ. ಎದುರುಗಾಳಿ ಸವಾರನ ಶತ್ರು ಮಾತ್ರವಲ್ಲ, ಬೀಸಣಿಗೆಯೂ ಹೌದು. ಮನುಷ್ಯನ ದೇಹ ತಿಂದ ಅನ್ನದ ಶಕ್ತಿಯಲ್ಲಿ ಪೆಡಲಿಗೆ ತಲುಪಿಸುವುದು ಐದರಲ್ಲಿ ಒಂದು ಪಾಲು, ಹೆಚ್ಚೆಂದರೆ ನಾಲ್ಕರಲ್ಲಿ ಒಂದು. 150 ವ್ಯಾಟ್ ದುಡಿಯುವ ಸವಾರನ ಮೈ 500 ವ್ಯಾಟಿಗೂ ಹೆಚ್ಚು ಬಿಸಿ ಹುಟ್ಟಿಸುತ್ತಿರುತ್ತದೆ, ಅರ್ಧ ಇಸ್ತ್ರಿಪೆಟ್ಟಿಗೆ ಅನ್ನಿ. ಅದನ್ನು ಬೆವರಿನಿಂದಲೇ ಕಳೆಯಬೇಕಾದರೆ ಗಂಟೆಗೆ ಮುಕ್ಕಾಲು ಲೀಟರ್ ನೀರು ಚರ್ಮದ ಮೇಲೆ ಆವಿಯಾಗಬೇಕು. ಆವಿಯಾಗಬೇಕು ಎಂಬುದೇ ಮುಖ್ಯ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಮೈಯನ್ನು ತಣಿಸುವುದಿಲ್ಲ. ಕೆಆರ್‌ಎಸ್ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಆ ಕೆಲಸವನ್ನು ಬಿಟ್ಟಿ ಮಾಡಿಕೊಡುತ್ತದೆ. ಕೋಣೆಯಲ್ಲಿ ನೆತ್ತಿಯ ಮೇಲೆ ಸುತ್ತುವ ಸೀಲಿಂಗ್ ಫ್ಯಾನ್ ಬೆನ್ನಿಗೆ ಅಷ್ಟಿಷ್ಟು ತಲುಪಿಸಿದರೂ ಎದೆಗೆ, ಹೊಟ್ಟೆಗೆ ಏನೂ ಕೊಡುವುದಿಲ್ಲ. ವಾಹೂ ಕಂಪನಿ ವೇಗಕ್ಕೆ ತಕ್ಕಂತೆ ಗಂಟೆಗೆ 48 ಕಿ.ಮೀ.ವರೆಗೆ ಬೀಸುವ ಫ್ಯಾನನ್ನು ಬೇರೆಯಾಗಿಯೇ ಮಾರುವುದಕ್ಕೆ ಕಾರಣ ಇದು. ಅಮೆರಿಕದ ಒಮಾಹಾದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತರಬೇತಾದ ಸವಾರರು ಹೊರಗೊಮ್ಮೆ ಒಳಗೊಮ್ಮೆ 40 ಕಿ.ಮೀ. ತುಳಿದರು. ಎಷ್ಟು ಆಯಾಸವಾಯಿತು ಎಂದು ಕೇಳಿದರೆ ಎರಡಕ್ಕೂ ಒಂದೇ ಉತ್ತರ, ಆದರೆ ಹೊರಗೆ ಹೊಮ್ಮಿದ ವ್ಯಾಟ್ ಸ್ಪಷ್ಟವಾಗಿ ಹೆಚ್ಚು. ವ್ಯಾಟ್ ಎಲ್ಲಿದ್ದರೂ ವ್ಯಾಟೇ, ಅದನ್ನು ಕೊಡುವ ಮೈ ಮಾತ್ರ ಎಲ್ಲೆಡೆ ಒಂದೇ ಅಲ್ಲ.

ಸ್ಪರ್ಧೆಯ ಲೋಕದ ಪುರಾವೆಯೂ ಇದೇ ಕಡೆಗೆ ವಾಲುತ್ತದೆ. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2020ರ ಡಿಸೆಂಬರಿನಲ್ಲಿ ಮೊದಲ ಇ-ಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಷಿಪ್ ನಡೆಸಿದಾಗ ಪುರುಷರಲ್ಲಿ ಗೆದ್ದವನು ಜರ್ಮನಿಯ ಜೇಸನ್ ಓಸ್‌ಬೋರ್ನ್, ವೃತ್ತಿಯಿಂದ ದೋಣಿ ಹುಟ್ಟುಹಾಕುವ ಕ್ರೀಡಾಪಟು. ಗುಂಪಿನಲ್ಲಿ ಮೊಣಕೈ ತಾಗಿಸಿ ಓಡುವುದನ್ನು ಅವನು ಹುಡುಗನಾಗಿದ್ದಾಗಿನಿಂದ ಅಭ್ಯಾಸ ಮಾಡಬೇಕಿರಲಿಲ್ಲ. ಒಳಾಂಗಣ ಪಂದ್ಯ ಕೇಳುವುದು ಎಂಜಿನ್, ಅದು ಅವನಲ್ಲಿತ್ತು. 2022ರ ಚಾಂಪಿಯನ್ ಆಸ್ಟ್ರೇಲಿಯಾದ ಜೇ ವೈನ್ ಜ್ವಿಫ್ಟ್ ನಡೆಸಿದ ಆಯ್ಕೆ ಸ್ಪರ್ಧೆಯ ಮೂಲಕವೇ ವೃತ್ತಿಪರ ತಂಡ ಸೇರಿದವನು. ಅದೇ ವರ್ಷ ಸ್ಪೇನಿನ ವುವೆಲ್ಟಾ ಪಂದ್ಯದಲ್ಲಿ ಎರಡು ಹಂತ ಗೆದ್ದ, ಎರಡೂ ಬೆಟ್ಟದ ಮೇಲೆ ಮುಗಿಯುವ ಹಂತಗಳು. ಮನೆಯೊಳಗೆ ಬೆಳೆದ ಸಾಮರ್ಥ್ಯ ಎಲ್ಲಿ ಮೊದಲು ಫಲ ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಉದಾಹರಣೆ ಬೇಡ. ಇದಕ್ಕೆ ಎದುರಾಗಿ ಮ್ಯಾಥ್ಯೂ ಹೇಮನ್‌ನ ಕತೆಯನ್ನು ಮುಂದಿಡುವವರುಂಟು. 2016ರ ಫೆಬ್ರುವರಿಯಲ್ಲಿ ತೋಳು ಮುರಿದುಕೊಂಡ ಈ ಆಸ್ಟ್ರೇಲಿಯನ್ ವಾರಗಟ್ಟಲೆ ಮನೆಯ ಟ್ರೇನರಿನ ಮೇಲೆ ತುಳಿದು ಏಪ್ರಿಲಿನಲ್ಲಿ ಪ್ಯಾರಿಸ್-ರೂಬೇ ಗೆದ್ದ. ಅದು ಬೆಟ್ಟವಿಲ್ಲದ, ಕಲ್ಲುಹಾಸಿನ, ಗಾಳಿಯ ಪಂದ್ಯ. ಆಕ್ಷೇಪಣೆ ಗಟ್ಟಿಯಾದದ್ದೇ. ಆದರೆ ಹೇಮನ್ ಆ ಪಂದ್ಯವನ್ನು ಅದಕ್ಕೂ ಮೊದಲು ಹತ್ತಾರು ಸಲ ಓಡಿದ್ದವನು. ಕಲ್ಲಿನ ಮೇಲೆ ಹ್ಯಾಂಡಲ್ ಎಷ್ಟು ಸಡಿಲ ಹಿಡಿಯಬೇಕು, ಗಾಳಿ ಅಡ್ಡ ಬೀಸಿದಾಗ ಯಾರ ಮರೆಗೆ ಸರಿಯಬೇಕು ಎಂಬುದೆಲ್ಲ ಅವನ ಮೈಯಲ್ಲೇ ಇತ್ತು. ಯಂತ್ರ ಅವನ ಎಂಜಿನ್ ಆರದಂತೆ ನೋಡಿಕೊಂಡಿತು, ಅಷ್ಟೇ. ಕಲಿತದ್ದನ್ನು ಕಾಪಾಡುವುದು ಬೇರೆ, ಕಲಿಸುವುದು ಬೇರೆ.

ಪರದೆಯ ವಿಷಯಕ್ಕೆ ಹೆಚ್ಚು ಮಾತು ಬೇಡವೆನಿಸುತ್ತದೆ. ಹೊರಗಿನದನ್ನು ಮನೆಯೊಳಕ್ಕೆ ತರುವ ಪ್ರಯೋಗ ಮೈಸೂರಿಗೆ ಹೊಸದೂ ಅಲ್ಲ. ಮನೋವಿಜ್ಞಾನದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ‘ವಿಠ್ಠಲ ವಿಹಾರ’ ಮನೆಯಲ್ಲಿ ಆರಂಭಿಸಿದ ಬಾನುಲಿ ಕೇಂದ್ರವೇ ಮುಂದೆ ‘ಆಕಾಶವಾಣಿ’ಯಾಯಿತು. ರೇಡಿಯೊ ಕಿವಿಯೊಂದನ್ನೇ ಒಲಿಸಿಕೊಂಡು ಗೆದ್ದಿತು, ಪರದೆ ಕಣ್ಣೊಂದನ್ನೇ ಒಲಿಸಿಕೊಂಡು ಕಾಲನ್ನೂ ಗೆದ್ದೆ ಎನ್ನುತ್ತದೆ. ಯಾವುದೇ ರಸ್ತೆಯ ಜಿಪಿಎಸ್ ಜಾಡನ್ನು ಹಾಕಿ ಅದೇ ಏರಿಳಿತವನ್ನು ಟ್ರೇನರಿನಲ್ಲಿ ಪಡೆಯಬಹುದು, ಚಾಮುಂಡಿ ಬೆಟ್ಟವನ್ನೂ. ತೊಡಕಿರುವುದು ಎತ್ತರದ ಅಂಕಿಗಳಲ್ಲಿ. ಹಲವು ನಕ್ಷೆಗಳು ಆಧರಿಸುವ, 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆ ರೇಡಾರಿನಿಂದ ಅಳೆದ ಎತ್ತರಗಳು ಹೆಚ್ಚೆಂದರೆ ಸುಮಾರು 30 ಮೀಟರಿಗೊಂದರಂತೆ ಸಿಗುತ್ತವೆ. ಬೆಟ್ಟದ ಓರೆಗೆ ಕೊರೆದ ರಸ್ತೆಯ ಅಗಲ ಅದರ ಕಾಲುಭಾಗವಿದ್ದೀತು. ಮೇಲಿನ ಬಂಡೆಯ ಎತ್ತರವೂ ಕೆಳಗಿನ ಪೊದೆಯ ಎತ್ತರವೂ ರಸ್ತೆಯ ಲೆಕ್ಕಕ್ಕೆ ಸೇರಿ, ನುಣ್ಣನೆಯ ಏರು ಮೆಟ್ಟಿಲುಮೆಟ್ಟಿಲಾಗುತ್ತದೆ. ಜೊತೆಗೆ ಜ್ವಿಫ್ಟ್ ಮೊದಲ ಬಾರಿ ತೆರೆದಾಗ ಪರದೆಯ ಏರಿನ ಅರ್ಧವನ್ನು ಮಾತ್ರ ಪೆಡಲಿಗೆ ಕೊಡುವಂತೆ ಹೊಂದಿಸಿರುತ್ತದೆ. ಒಟ್ಟು ದುಡಿಮೆ ಬದಲಾಗದಿದ್ದರೂ ಗೇರು ಇಳಿಸುವ ಸಂಕಟ ತಪ್ಪುತ್ತದೆ. ಬೆಟ್ಟದ ಅರ್ಧ ಪಾಠ ಆ ಸಂಕಟದಲ್ಲೇ ಇರುವುದರಿಂದ, ನಿಜವಾದ ಏರಿಗೆ ಸಿದ್ಧವಾಗುವವರು ಆ ಆಯ್ಕೆಯನ್ನು ಪೂರ್ತಿಗೆ ಏರಿಸಿಕೊಳ್ಳುವುದು ಒಳ್ಳೆಯದು.

ಹಿಮ ಬೀಳುವ ದೇಶಗಳಲ್ಲಿ ಈ ಯಂತ್ರಗಳಿಗೆ ಚಳಿಗಾಲವೇ ಸಾಕಷ್ಟು ಕಾರಣ. ಮೈಸೂರಿಗೆ ಆ ಕಾರಣವಿಲ್ಲ. ಚಳಿಗಾಲದ ಬೆಳಗ್ಗೆಯೂ ಇಲ್ಲಿ ಒಂದು ಸ್ವೆಟರ್ ಸಾಕು. 2017ರಲ್ಲಿ ಸುಮಾರು 450 ಸೈಕಲ್ಲುಗಳೊಂದಿಗೆ ‘ಟ್ರಿಣ್ ಟ್ರಿಣ್’ ಸಾರ್ವಜನಿಕ ಸೈಕಲ್ ಬಾಡಿಗೆ ಯೋಜನೆ ಆರಂಭವಾದದ್ದು ಇದೇ ಊರಿನಲ್ಲಿ, ನೀಲಗಿರಿಯ ಸೈಕಲ್ ಯಾತ್ರೆಗೆ ಹೊರಡುವವರು ಹಾದುಹೋಗುವುದೂ ಈ ಊರನ್ನೇ. ಇಂಥ ಊರಿನಲ್ಲಿ ಮನೆಯೊಳಗೆ ತುಳಿಯುವುದು ಸೋಮಾರಿತನ ಎನ್ನುವವರಿದ್ದಾರೆ. ಅವರ ಮಾತನ್ನು ಅರ್ಧ ಒಪ್ಪಬಹುದು. ಬೆಳಗಿನ ಕೆಆರ್‌ಎಸ್ ರಸ್ತೆ ಕೈಗೆಟುಕುವಾಗ ಅದರ ನಕಲಿಗೆ ಸೈಕಲ್ಲಿನಷ್ಟೇ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ, ಬಯಲಿನ ನಕಲೇ ಎಲ್ಲಕ್ಕಿಂತ ಬಡಕಲು. ಬೆಟ್ಟದ ಲೆಕ್ಕ ಬೇರೆ. ಸಂಜೆ ಕೆಲಸ ಮುಗಿಸಿ ಬಂದವನಿಗೆ ವಾಹನಗಳ ನಡುವೆ ಊರು ದಾಟಿ ಬೆಟ್ಟದ ಬುಡ ಸೇರುವುದೇ ಒಂದು ಕೆಲಸ, ಕತ್ತಲಲ್ಲಿ ಇಳಿಯುವುದು ಇನ್ನೊಂದು. ಆಷಾಢದ ಶುಕ್ರವಾರಗಳಲ್ಲಿ ಬೆಟ್ಟದ ರಸ್ತೆ ಭಕ್ತರದು. ಆಗ 40 ನಿಮಿಷ ನೂರಕ್ಕೆ ಐದರ ಏರನ್ನು ಕೋಣೆಯಲ್ಲೇ ಹತ್ತುವುದು ಸೋಮಾರಿತನವಲ್ಲ. ಅದರ ತಡೆಯ ಶೇ. 95ಕ್ಕೂ ಹೆಚ್ಚು ಪಾಲು ಯಂತ್ರ ಪ್ರಾಮಾಣಿಕವಾಗಿ ಕೊಡಬಲ್ಲದ್ದು.

ಹಾಗೆ ಹತ್ತುವವರು ಟ್ರೇನರನ್ನು ಗೋಡೆಗೆ ಮುಖಮಾಡಿ ಇಡದೆ ಕಿಟಕಿಗೆ ಮುಖಮಾಡಿ ಇಡುತ್ತಾರೆ, ಎದೆಯ ಮಟ್ಟಕ್ಕೆ ಒಂದು ಪೆಡೆಸ್ಟಲ್ ಫ್ಯಾನ್, ಅಡಿಗೆ ದಪ್ಪ ರಬ್ಬರ್ ಚಾಪೆ, ಹ್ಯಾಂಡಲಿನ ಮೇಲೆ ಹಾಸಿದ ಟವೆಲ್. ಟವೆಲ್ ಶುಚಿಗೆಂದು ಹಾಕಿದ್ದಲ್ಲ. ಹೊರಗೆ ಗಾಳಿಗೆ ಆರಿಹೋಗುವ ಬೆವರು ಒಳಗೆ ಹನಿಹನಿಯಾಗಿ ಹ್ಯಾಂಡಲಿನ ಟೇಪಿನೊಳಕ್ಕೆ, ಸ್ಟೆಮ್ಮಿನ ಬೋಲ್ಟುಗಳ ಸಂದಿಗೆ ಇಳಿಯುತ್ತದೆ. ಕೆಲವು ತಿಂಗಳ ಮೇಲೆ ಟೇಪ್ ಬಿಚ್ಚಿದಾಗ ಅಲ್ಯೂಮಿನಿಯಂ ಕೊಳವೆಯ ಮೇಲೆ ಬಿಳಿ ಪುಡಿ, ಅದನ್ನು ಉಜ್ಜಿದರೆ ಅಡಿಯಲ್ಲಿ ಸಣ್ಣ ಗುಳಿಗಳು ಕಾಣುತ್ತವೆ.